ಅಪ್ಪನ ತಲೆಗೆ ಹೆಲ್ಮೆಟ್, ಮಗಳ ಕೈಗೆ ಆಸಿಡ್ ಬಾಟ್ಲಿ

ಸೇಡಂನಿಂದ ಕಲಬುರಗಿಗೆ ಬೆಳಗಿನ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಈ ನೋಟ ಹೊಸದಲ್ಲ. ಒಂದೇ ಮನೆಯ ಇಬ್ಬರು ಹತ್ತುತ್ತಾರೆ. ಅಪ್ಪ ಮಳಖೇಡದಲ್ಲಿ ಇಳಿಯುತ್ತಾನೆ, ಸಿಮೆಂಟ್ ಕಾರ್ಖಾನೆಯ ಪಾಳಿಗೆ. ಕೈಯಲ್ಲಿ ಬುತ್ತಿ, ಕಾಲಿಗೆ ದಪ್ಪ ಅಟ್ಟೆಯ ಬೂಟು, ಚೀಲದಲ್ಲಿ ಹೆಲ್ಮೆಟ್ಟು. ಮಗಳು ಅದೇ ಬಸ್ಸಿನಲ್ಲಿ ಮುಂದೆ ಹೋಗುತ್ತಾಳೆ. ಓದುತ್ತಿರುವುದು ಎಂ.ಎಸ್ಸಿ. ರಸಾಯನಶಾಸ್ತ್ರ. ಇನ್ನೆರಡು ವರ್ಷ ದಾಟಿದರೆ ಮನೆಯ ಕಷ್ಟ ತೀರಿತು ಎಂದು ಅಪ್ಪನ ಲೆಕ್ಕ.

ಅಪ್ಪ ಹೆಲ್ಮೆಟ್ ಮರೆತು ಬಂದರೆ ಕಾರ್ಖಾನೆಯ ಗೇಟಿನಲ್ಲೇ ತಡೆ. "ಹೆಲ್ಮೆಟ್ ಇಲ್ದ ಒಳಗ ಬಿಡಂಗಿಲ್ರಿ" ಅಂತ ಕಾವಲುಗಾರ ಸ್ಪಷ್ಟವಾಗಿ ಹೇಳುತ್ತಾನೆ. ಇಪ್ಪತ್ತು ವರ್ಷದ ಪರಿಚಯವಿದ್ದರೂ ಬಿಡುವುದಿಲ್ಲ. ಮಗಳು ಕನ್ನಡಕವಿಲ್ಲದೆ, ಏಪ್ರನ್ ಇಲ್ಲದೆ, ಚಪ್ಪಲಿ ಹಾಕಿಕೊಂಡು ಪ್ರಯೋಗಾಲಯದೊಳಗೆ ಹೋಗಿ ಗಂಧಕಾಮ್ಲದ ಬಾಟ್ಲಿ ಎತ್ತಿದರೆ ತಡೆಯುವವರು ಯಾರು?

ಪ್ರಶ್ನೆ ಇಷ್ಟೇ. ಒಂದು ವಿಶ್ವವಿದ್ಯಾಲಯದ ಮೇಲೆ ಬೊಟ್ಟು ಮಾಡಿ ಕೇಳುತ್ತಿರುವುದಲ್ಲ. ಸೇಡಂ ರಸ್ತೆಯಲ್ಲಿ 860 ಎಕರೆಯಲ್ಲಿ ಹರಡಿಕೊಂಡಿರುವ ಗುಲಬರ್ಗಾ ವಿಶ್ವವಿದ್ಯಾಲಯ, ಆಳಂದ ತಾಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ನಗರದ ಖಾಸಗಿ ವಿಶ್ವವಿದ್ಯಾಲಯಗಳು, ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ್‌ಗಳ ಕಾಲೇಜುಗಳು, ಎಲ್ಲರಿಗೂ ಒಂದೇ ಪ್ರಶ್ನೆ. ಈ ಆವರಣಗಳಲ್ಲಿ ನಮ್ಮ ಮಕ್ಕಳ ಜೀವ, ಆರೋಗ್ಯ ಯಾರ ಜವಾಬ್ದಾರಿ? ಎಲ್ಲರದ್ದೂ ಎನ್ನುತ್ತಾರೆ. ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ ಎಂಬುದು ಅಂಗಡಿ ನಡೆಸುವವರಿಗೆ ಬೇರೆ ಹೇಳಬೇಕಿಲ್ಲ. ನಾಲ್ಕು ಜನ ಪಾಲುದಾರರಿದ್ದು ಗಲ್ಲೆಯ ಕೀಲಿ ಯಾರ ಬಲ್ಲಿ ಎಂದು ಗೊತ್ತಿಲ್ಲದ ಅಂಗಡಿ ಎಷ್ಟು ದಿನ ನಡೆದೀತು?

ಕಾರ್ಖಾನೆ ತಾನಾಗಿ ಕಲಿತದ್ದಲ್ಲ

ಸಿಮೆಂಟ್ ನಾಡಿನವರಾದ ನಮಗೆ ಸುರಕ್ಷತೆ ಎಂಬ ಮಾತು ಹೊಸದಲ್ಲ. ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ ಅರ್ಧ ಶತಮಾನ ದಾಟಿದೆ. ಮಳಖೇಡದಲ್ಲೂ ಸೇಡಂನಲ್ಲೂ 1980ರ ದಶಕದಲ್ಲಿ ಚಿಮಣಿಗಳು ಎದ್ದವು. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಬೆರಳು ಕಳೆದುಕೊಂಡವರನ್ನೂ, ಧೂಳು ಕುಡಿದು ಕೆಮ್ಮುವವರನ್ನೂ ಕಾಣದ ಮನೆ ಈ ಭಾಗದಲ್ಲಿ ಕಡಿಮೆ.

ಇವತ್ತು ಕಾರ್ಖಾನೆಯ ಗೇಟಿನಲ್ಲಿ ಕಾಣುವ ಶಿಸ್ತು ಮಾಲೀಕರ ದೊಡ್ಡ ಮನಸ್ಸಿನಿಂದ ಬಂದದ್ದಲ್ಲ, ಕಾಯಿದೆಯಿಂದ ಬಂದದ್ದು. 1948ರ ಕಾರ್ಖಾನೆ ಕಾಯಿದೆ ಮೊದಲ ಬುನಾದಿ ಹಾಕಿತು. 1976ರ ತಿದ್ದುಪಡಿ, ಸಾವಿರ ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿ ಇರಬೇಕೆಂದಿತು. 1984ರ ಡಿಸೆಂಬರಿನ ಒಂದು ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಆಮೇಲೆ ಸರ್ಕಾರಕ್ಕೆ ಎಚ್ಚರವಾಗಿ 1987ರಲ್ಲಿ ಮತ್ತೊಂದು ತಿದ್ದುಪಡಿ ಬಂತು. ಅಪಾಯಕಾರಿ ಕೆಲಸ ನಡೆಯುವಲ್ಲಿ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಆಡಳಿತ ವರ್ಗದವರು ಎಷ್ಟೋ ಕಾರ್ಮಿಕರೂ ಅಷ್ಟೇ ಇರಬೇಕು ಎಂದಿತು ಆ ತಿದ್ದುಪಡಿ. ಈಗ ಆ ಹಳೆಯ ಕಾಯಿದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ. ಅದರಲ್ಲಿ 500 ಕಾರ್ಮಿಕರ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿ ಕಡ್ಡಾಯ. ಅಪಾಯಕಾರಿ ಕೆಲಸದ್ದಾದರೆ 250, ಗಣಿಯಾದರೆ 100.

ಕಾರ್ಖಾನೆಯ ಇನ್ಸ್‌ಪೆಕ್ಟರು ಮಾತ್ರ ಕಾಲೇಜಿನ ಲ್ಯಾಬಿಗೆ ಬರುವುದಿಲ್ಲ. ಕಾಯಿದೆಯ ಕಣ್ಣಿಗೆ ಅದು ಕಾರ್ಖಾನೆಯಲ್ಲ. ಆದರೆ ಒಳಗೆ ಇರುವುದೇನು? ಆಮ್ಲ, ಕ್ಷಾರ, ಈಥರ್, ಗ್ಯಾಸ್ ಸಿಲಿಂಡರು, ಹೈ ವೋಲ್ಟೇಜ್ ಯಂತ್ರ, ರೋಗಾಣು ಬೆಳೆಸುವ ತಟ್ಟೆ. ಹಾಸ್ಟೆಲಿನಲ್ಲಿ ನೂರಾರು ಮಂದಿಗೆ ಅಡುಗೆ ಬೇಯುವ ಒಲೆ. ಅವುಗಳ ನಡುವೆ ಓಡಾಡುವವರು ಅನುಭವಿ ಕಾರ್ಮಿಕರಲ್ಲ, ಇಪ್ಪತ್ತರ ಆಸುಪಾಸಿನ ಹುಡುಗರು. ಮೂರು ವರ್ಷಕ್ಕೊಮ್ಮೆ ಹಳಬರು ಹೋಗಿ ಹೊಸಬರು ಬರುತ್ತಾರೆ. ಕಾರ್ಖಾನೆಯಲ್ಲಿ ಒಮ್ಮೆ ಕಲಿಸಿದ್ದು ಮೂವತ್ತು ವರ್ಷ ಬಾಳುತ್ತದೆ. ಕಾಲೇಜಿನಲ್ಲಿ ಪ್ರತಿ ಜುಲೈಗೆ ಹೊಸದಾಗಿ ಕಲಿಸಬೇಕು.

ಟಾಟಾ ಇನ್‌ಸ್ಟಿಟ್ಯೂಟಿನ ಮಧ್ಯಾಹ್ನ

"ಇದೆಲ್ಲಾ ಹೆದರಿಸೋ ಮಾತು, ಕಾಲೇಜಿನಾಗ ಏನ್ ಆಗ್ತದ್ರಿ?" ಎನ್ನುವವರಿದ್ದಾರೆ. ಅವರು ದೂರ ಹೋಗಬೇಕಿಲ್ಲ, ಬೆಂಗಳೂರಿಗೆ ಹೋದರೆ ಸಾಕು. 2018ರ ಡಿಸೆಂಬರ್ 5ರ ಮಧ್ಯಾಹ್ನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದರ, ಒಂದು ಪ್ರಯೋಗಾಲಯದಲ್ಲಿ ಸ್ಫೋಟವಾಯಿತು. ಜಲಜನಕದ ಸಿಲಿಂಡರಿನದ್ದು ಎಂದು ಅಂದೇ ವರದಿಯಾಯಿತು. ಒಬ್ಬ ಯುವ ಸಂಶೋಧಕ ಸತ್ತ. ಮೂವರಿಗೆ ತೀವ್ರ ಗಾಯ. ದೇಶದ ಅತ್ಯುತ್ತಮ ಸಂಸ್ಥೆ ಅದು, ಹಣದ ಬಡತನವಿಲ್ಲ, ಬುದ್ಧಿಯ ಬಡತನ ಮೊದಲೇ ಇಲ್ಲ. ಅಲ್ಲೇ ಹಾಗಾದರೆ ಉಳಿದವರು ಎದೆ ತಟ್ಟಿಕೊಂಡು ನಮ್ಮಲ್ಲಿ ಆಗುವುದಿಲ್ಲ ಎನ್ನುವಂತಿಲ್ಲ. ಆ ಸಂಸ್ಥೆಯಲ್ಲಿ ಈಗ ಪ್ರಯೋಗಾಲಯದ ಸುರಕ್ಷತೆಗೆಂದೇ ಪ್ರತ್ಯೇಕ ಕಚೇರಿ ಇದೆ.

ಸಿಲಿಂಡರಿನ ಮಾತು ಬಂದದ್ದರಿಂದ ಹೇಳಬೇಕು. ಅದನ್ನು ಗೋಡೆಗೆ ಸರಪಳಿಯಿಂದ ಕಟ್ಟಿರಬೇಕು. ಬಿದ್ದು ಕುತ್ತಿಗೆಯ ಕವಾಟ ಮುರಿದರೆ ಅದು ಸಿಲಿಂಡರಲ್ಲ, ತೋಪಿನ ಗುಂಡು. ಜಲಜನಕಕ್ಕೆ ಕೆಂಪು ಬಣ್ಣ, ಆಮ್ಲಜನಕಕ್ಕೆ ಕಪ್ಪು ಮೈ ಬಿಳಿ ಹೆಗಲು. ಅವೆರಡನ್ನೂ ಪಕ್ಕಪಕ್ಕ ನಿಲ್ಲಿಸಬಾರದು. ಇದನ್ನು ಕಲಿಯಲು ಪಿಎಚ್.ಡಿ. ಬೇಕಿಲ್ಲ. ವಾಡಿಯ ವೆಲ್ಡಿಂಗ್ ಅಂಗಡಿಯ ಹುಡುಗನಿಗೂ ಗೊತ್ತಿದೆ. ಹಾಗೆಯೇ ಹಳೆಯ ಈಥರ್ ಬಾಟ್ಲಿ. ವರ್ಷಗಟ್ಟಲೆ ಕಪಾಟಿನಲ್ಲಿ ಕೂತರೆ ಅದರೊಳಗೆ ಸ್ಫೋಟಕ ಪದಾರ್ಥ ತಾನಾಗಿ ಕೂಡಿಕೊಳ್ಳುತ್ತದೆ. ಮುಚ್ಚಳ ತಿರುಗಿಸಿದಾಗಲೇ ಸಿಡಿದ ಉದಾಹರಣೆಗಳು ಜಗತ್ತಿನಾದ್ಯಂತ ಇವೆ. ಬಾಟ್ಲಿಯ ಮೇಲೆ ತೆರೆದ ತಾರೀಖು ಬರೆಯುವುದಕ್ಕೆ ಒಂದು ಪೆನ್ನು ಸಾಕು.

ಗುಜರಿ ಅಂಗಡಿಗೆ ಬಂದ ಸಾವು

ಅಂಗಡಿಕಾರರು ಇಲ್ಲಿ ಸ್ವಲ್ಪ ಹತ್ತಿರ ಬಂದು ಕೇಳಬೇಕು. ಆವರಣದೊಳಗಿನ ಅಜಾಗ್ರತೆ ಆವರಣದೊಳಗೇ ಉಳಿಯುತ್ತದೆ ಎಂದುಕೊಳ್ಳಬೇಡಿ.

ದಿಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಒಂದು ಹಳೆಯ ಯಂತ್ರವಿತ್ತು. ಒಳಗೆ ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹ. 1985ರಿಂದ ಅದನ್ನು ಯಾರೂ ಬಳಸಿರಲಿಲ್ಲ. ತಂದವರು ನಿವೃತ್ತರಾದರು, ಬಂದವರಿಗೆ ಅದೇನೆಂದು ನೆನಪಿರಲಿಲ್ಲ. 2010ರ ಫೆಬ್ರವರಿಯಲ್ಲಿ ಬೇಡದ ಸಾಮಾನುಗಳ ಜೊತೆ ಅದನ್ನೂ ಹರಾಜು ಹಾಕಿದರು. ಯಂತ್ರ ಮಾಯಾಪುರಿಯ ಗುಜರಿ ಅಂಗಡಿ ಸೇರಿತು. ಅಲ್ಲಿ ಅದನ್ನು ಒಡೆದರು, ಲೋಹವನ್ನು ಬಿಡಿಸಿದರು. ದಿನ ಕಳೆದಂತೆ ಅಂಗಡಿಯವರ ಚರ್ಮ ಕಪ್ಪಾಯಿತು, ಕೂದಲು ಉದುರಿತು, ವಾಂತಿ ಹಿಡಿಯಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಒಬ್ಬ ಸತ್ತಿದ್ದ. ಹಲವರು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದರು. ವಿಶ್ವವಿದ್ಯಾಲಯದ ಮುಖವನ್ನೇ ನೋಡದ ಜನ ಅವರು.

ಅಲ್ಲಿ ತಪ್ಪಿದ್ದು ಏನು? ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಒಂದು ಪುಸ್ತಕ ಸರಿಯಾಗಿ ಇರಲಿಲ್ಲ, ಅಷ್ಟೇ. ಯಾವ ಕೋಣೆಯಲ್ಲಿ ಯಾವ ಅಪಾಯದ ಸಾಮಾನಿದೆ, ತಂದವರು ಯಾರು, ಈಗ ನೋಡಿಕೊಳ್ಳುವವರು ಯಾರು ಎಂಬುದು ಕಣ್ಣಿಗೆ ಬೀಳುವಂತೆ ಬರೆದಿದ್ದರೆ ಆ ಯಂತ್ರ ಹರಾಜಿಗೆ ಬರುತ್ತಿರಲಿಲ್ಲ. ಶಹಾಬಾದ್, ವಾಡಿ, ಕಲಬುರಗಿಯ ಗುಜರಿ ವ್ಯಾಪಾರಿಗಳು ಕಾಲೇಜಿನ ಹರಾಜಿಗೆ ಹೋದಾಗ ಒಂದು ಚೀಟಿ ಕೇಳಿ ಪಡೆಯಬೇಕು. "ಇದರಾಗ ವಿಷ ಇಲ್ಲ, ವಿಕಿರಣ ಇಲ್ಲ ಅಂತ ಬರದು ಕೊಡ್ರಿ" ಎಂದು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಕೀಲಿ ಸಾಹೇಬರ ಬಲ್ಲಿ

ಈಚೆಗೆ ಒಂದು ಕಾಲೇಜಿಗೆ ಹೋಗಿದ್ದೆ. ಹೆಸರು ಬೇಡ, ಹೆಸರು ಹಾಕಿದರೆ ಹೆಸರಿನ ಜಗಳವೇ ದೊಡ್ಡದಾಗುತ್ತದೆ. ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಡಬ್ಬಿ ಕಾಣಲಿಲ್ಲ. ಕೇಳಿದರೆ ಜವಾನ ಪ್ರಾಮಾಣಿಕವಾಗಿ ಹೇಳಿದ. "ಯಾರರೆ ಕದೀತಾರಂತ ಸ್ಟೋರಿನಾಗ ಇಟ್ಟೀವ್ರಿ. ಕೀಲಿ ಸಾಹೇಬ್ರ ಬಲ್ಲಿ ಅದ. ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ."

ನಗಬೇಡಿ. ಆ ಜವಾನನ ತಪ್ಪಿಲ್ಲ. ಡಬ್ಬಿ ಕಳೆದರೆ ಅವನ ಸಂಬಳದಲ್ಲಿ ಕಡಿತ. ಬೆಂಕಿ ಬಿದ್ದರೆ ಯಾರ ಸಂಬಳದಲ್ಲೂ ಕಡಿತವಿಲ್ಲ. ಲೆಕ್ಕಪರಿಶೋಧನೆಯವರು ಡಬ್ಬಿ ಇದೆಯೇ ಎಂದು ಕೇಳುತ್ತಾರೆ, ಕೈಗೆ ಸಿಗುತ್ತದೆಯೇ ಎಂದು ಕೇಳುವುದಿಲ್ಲ. ಸಾಮಾನು ಕೊಂಡರೆ ಸುರಕ್ಷತೆ ಬಂತು ಎಂಬ ಭ್ರಮೆ ಇಲ್ಲಿಂದಲೇ ಶುರು. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ ದಿನವದು. ಬ್ಯಾನರು ಕಟ್ಟಿ, ಪ್ರತಿಜ್ಞೆ ಓದಿ, ಫೋಟೋ ತೆಗೆಸಿಕೊಂಡು ಮಾರ್ಚ್ 5ಕ್ಕೆ ಮರೆತರೆ ಆ ದಿನದಿಂದ ಏನು ಬಂತು?

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2015ರಲ್ಲೇ ಆವರಣದ ಒಳಗೆ, ಹೊರಗೆ ವಿದ್ಯಾರ್ಥಿಗಳ ಸುರಕ್ಷತೆ ಬಗ್ಗೆ ಮಾರ್ಗಸೂಚಿ ಕಳಿಸಿದೆ. ಗೋಡೆ, ಗೇಟು, ಕ್ಯಾಮೆರಾ, ಆಪ್ತ ಸಮಾಲೋಚನೆ, ಪೋಷಕರ ಸಭೆ, ಎಲ್ಲವೂ ಅದರಲ್ಲಿ ಉಂಟು. ಕಾಗದಕ್ಕೆ ಬರವಿಲ್ಲ. ಕಾಗದ ಕೈಗೆ ಬಂದ ಮೇಲೆ ಬೆಳಿಗ್ಗೆ ಎದ್ದು ಅದನ್ನು ನಡೆಸುವ ಮನುಷ್ಯ ಯಾರು ಎಂಬುದೇ ಪ್ರಶ್ನೆ.

ನೀರು, ಊಟ, ಬಿಸಿಲು

ಸ್ಫೋಟ ಅಪರೂಪ. ಹೊಟ್ಟೆನೋವು ಅಪರೂಪವಲ್ಲ. ಆವರಣದ ಆರೋಗ್ಯ ಅಂದರೆ ಮೊದಲು ಹಾಸ್ಟೆಲಿನ ನೀರಿನ ಟ್ಯಾಂಕು. ಕೊನೆಯ ಬಾರಿ ತೊಳೆದ ತಾರೀಖನ್ನು ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆದಿದೆಯೇ? ನಲ್ಲಿಯ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡುವ ಪುಟ್ಟ ಪೆಟ್ಟಿಗೆ ಗ್ರಾಮ ಪಂಚಾಯತಿಗೂ ಸಿಗುತ್ತದೆ. ಎರಡು ಹನಿ ಹಾಕಿದರೆ ಹಳದಿ ಬಣ್ಣ ಬರಬೇಕು. ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, ಕೈ ತೊಳೆಯಲು ಸಾಬೂನು. ಕೋಟಿ ರೂಪಾಯಿಯ ಕಟ್ಟಡದಲ್ಲಿ ಹತ್ತು ರೂಪಾಯಿಯ ಸಾಬೂನು ಇಲ್ಲದೆ ಮಕ್ಕಳು ಮಲಗಿದರೆ ಯಾರಿಗೆ ಹೇಳೋಣ?

ಆಮೇಲೆ ನಮ್ಮ ಬಿಸಿಲು. ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆಗೆ ಬದಲಾಯಿಸುವ ಪದ್ಧತಿ ಇದೆ. ಗುಮಾಸ್ತರಿಗೆ ಇರುವ ಈ ದಯೆ ಮಧ್ಯಾಹ್ನ ಎರಡು ಗಂಟೆಗೆ ಪರೀಕ್ಷೆ ಬರೆಯುವ ಹುಡುಗನಿಗೂ, ಆವರಣದ ರಸ್ತೆ ಗುಡಿಸುವ ಗುತ್ತಿಗೆ ಹೆಂಗಸಿಗೂ ಸಿಗಬೇಕು. ತಲೆಸುತ್ತು ಬಂದು, ಮಾತು ತೊದಲಿ, ಮೈ ಕೆಂಡವಾದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ಒಯ್ದು, ಮೈಗೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಬೇಕು. ಇದನ್ನು ಗೇಟಿನ ಕಾವಲುಗಾರನಿಗೂ ಕಲಿಸಿರಬೇಕು. ಮೊದಲು ಕಾಣುವವನು ಅವನೇ.

ರೋಗದ ವಿಷಯದಲ್ಲಿ ನಮ್ಮ ಜಿಲ್ಲೆ ಬೇಡದ ದಾಖಲೆಯೊಂದನ್ನು ಹೊತ್ತಿದೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ಸಂಭವಿಸಿದ್ದು ಕಲಬುರಗಿಯವರದ್ದು. ಸಾವಾದ ಮೇಲೆ ರೋಗ ಖಚಿತವಾಯಿತು. ಜ್ವರದ ಲೆಕ್ಕ ದಿನದಿನ ಬರೆಯುವ ಬೆಲೆ ಏನೆಂದು ನಮಗಿಂತ ಚೆನ್ನಾಗಿ ಯಾರು ಬಲ್ಲರು? ಹಾಸ್ಟೆಲಿನ ಒಂದೇ ಸಾಲಿನಲ್ಲಿ ಮೂವರಿಗೆ ಜ್ವರ ಬಂದರೆ ಅದು ಡೆಂಗಿ ಇರಬಹುದು ಎಂಬ ಸಂಶಯ ಮೂರನೆಯ ದಿನವೇ ಬರಬೇಕು, ಮೂವತ್ತನೆಯವ ಮಲಗಿದ ಮೇಲಲ್ಲ.

ದೇಹದಷ್ಟೇ ಮನಸ್ಸೂ. ಕೊಂಚಾವರಂ ಕಡೆಯ ತಾಂಡಾದಿಂದ ಬಂದ ಹುಡುಗಿ ಮೊದಲ ವರ್ಷ ಯಾರೊಡನೆಯೂ ಮಾತಾಡದೆ ಕೋಣೆಯಲ್ಲಿ ಕೂತರೆ ಗಮನಿಸುವವರು ಬೇಕು. ಮನಸ್ಸಿನ ಸಂಕಟಕ್ಕೆ 14416 ಎಂಬ ಸರ್ಕಾರದ ಟೆಲಿಮನಸ್ ಸಂಖ್ಯೆ 2022ರ ಅಕ್ಟೋಬರಿನಿಂದ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹಾಸ್ಟೆಲಿನ ಪ್ರತಿ ಬಾಗಿಲಿನ ಹಿಂದೆ ಆ ಐದು ಅಂಕಿ ಬರೆದಿರಲಿ.

ನೆಲ ನಡುಗಿದರೆ

ಚಿಂಚೋಳಿ ತಾಲೂಕಿನವರಿಗೆ 2021ರ ಅಕ್ಟೋಬರ್ ಮರೆತಿಲ್ಲ. ಗಡಿಕೇಶ್ವರ, ಹಲಚೇರಾ ಸುತ್ತ ನೆಲ ಮತ್ತೆ ಮತ್ತೆ ನಡುಗಿತು. ಜನ ಮನೆ ಬಿಟ್ಟು ಹೊರಗೆ ಮಲಗಿದರು, ಕೆಲವರು ಊರನ್ನೇ ಬಿಟ್ಟರು. ದೊಡ್ಡ ಅನಾಹುತ ಆಗಲಿಲ್ಲ, ದೇವರು ದೊಡ್ಡವನು. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತದ್ದೂ ಈ ಸೀಮೆಗೆ ಗೊತ್ತು.

ಇನ್ನು ಆವರಣಗಳಿಗೆ ಬನ್ನಿ. ಮೂರು ಅಂತಸ್ತಿನ ಹಾಸ್ಟೆಲು, ಎರಡು ಮೆಟ್ಟಿಲು ದಾರಿ. ರಾತ್ರಿ ಕಳ್ಳರ ಭಯಕ್ಕೆ ಒಂದಕ್ಕೆ ಕಬ್ಬಿಣದ ಬಾಗಿಲು ಹಾಕಿ ಬೀಗ. ಕಿಟಕಿಗಳಿಗೆಲ್ಲ ಸರಳು. ನೆಲ ನಡುಗಿದರೆ, ಇಲ್ಲವೇ ಬೆಂಕಿ ಬಿದ್ದರೆ ಇನ್ನೂರು ಮಂದಿ ಒಂದೇ ಮೆಟ್ಟಿಲಿಗೆ ನುಗ್ಗಬೇಕು. ಅಲ್ಲಿ ಬೆಂಕಿಗಿಂತ ನೂಕುನುಗ್ಗಲು ದೊಡ್ಡ ಯಮ. ವರ್ಷಕ್ಕೆ ಎರಡು ಸಲ ಗಂಟೆ ಬಾರಿಸಿ, ಎಲ್ಲರನ್ನೂ ಹೊರಗೆ ಕರೆದು, ಮೈದಾನದಲ್ಲಿ ತಲೆ ಎಣಿಸಿ, ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡುವುದಕ್ಕೆ ಯಾವ ಟೆಂಡರೂ ಬೇಕಿಲ್ಲ.

ಬಸ್ಸಿನ ಮೆಟ್ಟಿಲಿಂದಲೇ ಶುರು

ಬಸ್ಸಿನ ಪ್ರಯಾಣಿಕರಿಗೆ ಒಂದು ಮಾತು. ಆವರಣದ ಸುರಕ್ಷತೆ ಕಮಾನಿನ ಒಳಗೆ ಶುರುವಾಗುವುದಲ್ಲ, ರಸ್ತೆಯಲ್ಲಿ ಶುರುವಾಗುವುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ಟಿಕೇಟಿನ ಚಿಂತೆಯಿಂದ ಓದು ಬಿಡಬೇಕಾಗಿದ್ದವರಿಗೆ ಅದು ವರ. ಆದರೆ ಕಾಲೇಜಿನ ಹೊತ್ತಿಗೆ ಬೇಕಾದಷ್ಟು ಬಸ್ಸು ಇಲ್ಲದಿದ್ದರೆ ಬಾಗಿಲಲ್ಲಿ ಜೋತಾಡುವವರು ಜೋತಾಡುತ್ತಲೇ ಇರುತ್ತಾರೆ. ಸಿಮೆಂಟ್ ಲಾರಿ ಓಡಾಡುವ ರಸ್ತೆಯಲ್ಲಿ ಅದು ಪ್ರಾಣದ ಜೂಜು. ಚಿತ್ತಾಪುರ, ವಾಡಿ, ಶಹಾಬಾದಿನವರಿಗೆ ರೈಲಾದರೂ ಉಂಟು. ಚಿಂಚೋಳಿಯವರಿಗೆ ಬಸ್ಸೇ ಗತಿ. ಯಾವ ಊರಿಂದ, ಎಷ್ಟು ಗಂಟೆಗೆ, ಎಷ್ಟು ಮಂದಿ ಬರುತ್ತಾರೆಂಬ ಪಟ್ಟಿಯನ್ನು ವಿದ್ಯಾಲಯದವರು ಡಿಪೋಗೆ ಕೊಟ್ಟು ಕೂತು ಮಾತಾಡಬೇಕು. ಪಟ್ಟಿ ಇಲ್ಲದೆ ಮನವಿ ಕೊಟ್ಟರೆ "ನೋಡೋಣ" ಎಂಬ ಉತ್ತರ ಬರುತ್ತದೆ. ಪಟ್ಟಿ ಇಟ್ಟರೆ ಲೆಕ್ಕ ಹೇಳಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು?

ಟೀಕೆ ಸುಲಭ, ದಾರಿ ತೋರಿಸಿ ಎನ್ನುತ್ತೀರಿ. ದಾರಿ ಹೊಸದೇನಲ್ಲ, ಅಪ್ಪ ಇಳಿಯುವ ಮಳಖೇಡದ ಸ್ಟಾಪಿನಲ್ಲೇ ಇದೆ.

ಮೊದಲನೆಯದು, ಒಬ್ಬ ಮನುಷ್ಯ. ಹೆಸರು ಹೇಳಿ ಕರೆಯಬಹುದಾದ ಸುರಕ್ಷತಾ ಅಧಿಕಾರಿ. ಬೇರೆ ಐದು ಹುದ್ದೆಯ ಜೊತೆಗೆ ಆರನೆಯದಾಗಿ ಹೊರಿಸಿದ ಪ್ರೊಫೆಸರಲ್ಲ. ಕುಲಪತಿಗಳ ಬಳಿಗೆ ನೇರ ಹೋಗುವ, ಅಪಾಯವೆಂದು ಕಂಡ ಲ್ಯಾಬಿಗೆ ಬೀಗ ಹಾಕುವ ಅಧಿಕಾರವಿರುವ ವ್ಯಕ್ತಿ. ಅಧಿಕಾರವಿಲ್ಲದ ಅಧಿಕಾರಿ ಜಾತ್ರೆಯ ಬೊಂಬೆ.

ಎರಡನೆಯದು, ಸಮಿತಿ. 1987ರಲ್ಲಿ ಕಾರ್ಖಾನೆಗೆ ಹೇಳಿದ ಮಾತೇ ಇಲ್ಲೂ ನಡೆಯಲಿ. ಅರ್ಧ ಆಡಳಿತದವರು, ಅರ್ಧ ಕೆಳಗೆ ದುಡಿಯುವವರು. ಲ್ಯಾಬ್ ಸಹಾಯಕ, ಹಾಸ್ಟೆಲಿನ ಅಡುಗೆಯಾಳು, ಎಲೆಕ್ಟ್ರಿಷಿಯನ್, ಹುಡುಗರಿಂದ ಇಬ್ಬರು, ಹುಡುಗಿಯರಿಂದ ಇಬ್ಬರು. ಯಾವ ಸ್ವಿಚ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬುದು ರಿಜಿಸ್ಟ್ರಾರರಿಗೆ ಗೊತ್ತಿಲ್ಲ, ಕಸ ಗುಡಿಸುವವಳಿಗೆ ಗೊತ್ತು.

ಮೂರನೆಯದು, ಪುಸ್ತಕ. ಆದ ಅಪಘಾತವಷ್ಟೇ ಅಲ್ಲ, ಆಗಲಿದ್ದು ತಪ್ಪಿದ್ದನ್ನೂ ಬರೆಯುವ ಪುಸ್ತಕ. ಅಮೆರಿಕದ ಹೈನ್‌ರಿಕ್ ಎಂಬ ವಿಮೆ ಕಂಪನಿಯ ಮನುಷ್ಯ 1931ರಲ್ಲಿ ಒಂದು ಮಾತು ಹೇಳಿದ. ಒಂದು ದೊಡ್ಡ ಅಪಘಾತದ ಹಿಂದೆ 29 ಸಣ್ಣ ಗಾಯ, 300 ಗಾಯವಿಲ್ಲದೆ ತಪ್ಪಿಹೋದ ಘಟನೆ ಇರುತ್ತವೆಂದು. ಆ ಅಂಕಿಗಳ ಬಗ್ಗೆ ತಜ್ಞರಲ್ಲಿ ತಕರಾರು ಉಂಟು, ತಾತ್ಪರ್ಯದ ಬಗ್ಗೆ ಇಲ್ಲ. ಬಾಟ್ಲಿ ಜಾರಿ ಒಡೆಯದೆ ಉಳಿದರೆ ಅದು ಅದೃಷ್ಟವಲ್ಲ, ನೋಟೀಸು. ಬರೆದವನಿಗೆ ಬೈಗುಳ ಸಿಗಬಾರದು. ಬೈದರೆ ಮುಂದಿನ ಸಲ ಯಾರೂ ಬರೆಯುವುದಿಲ್ಲ.

ನಾಲ್ಕನೆಯದು, ಕಲಿಸುವುದು. ಪ್ರವೇಶದ ಮೊದಲ ವಾರ, ಕನ್ನಡದಲ್ಲಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು. ಕಣ್ಣಿಗೆ ರಾಸಾಯನಿಕ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರು. ನಾಯಿ ಕಚ್ಚಿದರೆ ಮೊದಲು ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆ, ಆಮೇಲೆ ಅದೇ ದಿನ ಲಸಿಕೆ, ನಾಟಿ ಔಷಧಿ ಬೇಡ. ಹಾವು ಕಡಿದರೆ ಬಿಗಿಯಾಗಿ ಕಟ್ಟಬೇಡ, ಕೊಯ್ಯಬೇಡ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿ. ಬಂಜರು ನೆಲದ ವಿಶಾಲ ಆವರಣಗಳಲ್ಲಿ ಇವು ಪಠ್ಯಕ್ಕಿಂತ ಮೊದಲು ಬೇಕಾದ ಪಾಠ. ಈ ಕಲಿಕೆ ಗುತ್ತಿಗೆ ನೌಕರರಿಗೂ ಸಿಗಬೇಕು. ಅಪಾಯಕ್ಕೆ ಖಾಯಂ, ಗುತ್ತಿಗೆ ಎಂಬ ಭೇದವಿಲ್ಲ.

ಐದನೆಯದು, ತಿಂಗಳಿಗೊಮ್ಮೆ ಕಾಲ್ನಡಿಗೆ. ಅಧಿಕಾರಿ, ಸಮಿತಿ ಕೂಡಿ ಒಂದೊಂದು ಕಟ್ಟಡ ನಡೆದು ನೋಡುವುದು. ಕಂಡ ಕೊರತೆ, ಸರಿಪಡಿಸುವವನ ಹೆಸರು, ತಾರೀಖು, ಮೂರನ್ನೂ ಬರೆದು ನೋಟೀಸ್ ಬೋರ್ಡಿಗೆ ಹಚ್ಚುವುದು. ಮುಂದಿನ ತಿಂಗಳು ಮೊದಲು ಆ ಹಳೆಯ ಪಟ್ಟಿ ಓದುವುದು.

"ರೊಕ್ಕ ಎಲ್ಲಿಂದ ತರೋದ್ರಿ?" ಎಂಬ ಕೇಳಿಕೆ ಬರುತ್ತದೆ. ನ್ಯಾಯವಾದದ್ದೇ. ಖಾಲಿ ಹುದ್ದೆ ತುಂಬಲೇ ಪರದಾಡುವ ಆಡಳಿತಕ್ಕೆ ಇನ್ನೊಂದು ಹುದ್ದೆ ಭಾರ. ಆದರೆ ಮೇಲೆ ಹೇಳಿದ್ದರಲ್ಲಿ ರೊಕ್ಕ ಬೇಕಾದದ್ದು ಎಷ್ಟು? ಪುಸ್ತಕಕ್ಕೆ, ಪೆನ್ನಿಗೆ, ಸರಪಳಿಗೆ, ಸಾಬೂನಿಗೆ. ವಿದ್ಯುತ್ ಸೋರಿದೊಡನೆ ಕರೆಂಟು ಕಡಿಯುವ ಸ್ವಿಚ್ಚಿನ ಬೆಲೆ ಕೆಲವು ಸಾವಿರ, ಒಂದು ಸನ್ಮಾನ ಸಮಾರಂಭದ ಹಾರ ಶಾಲಿಗಿಂತ ಹೆಚ್ಚಲ್ಲ. ಸಂಬಳ ಬೇಕಾದದ್ದು ಒಬ್ಬ ಅಧಿಕಾರಿಗೆ. 371 (ಜೆ) ಬಂದು ಹತ್ತು ವರ್ಷ ದಾಟಿತು. ಅಭಿವೃದ್ಧಿ ಮಂಡಳಿಯ ಅನುದಾನದಿಂದ ಕಟ್ಟಡಗಳು ಏಳುತ್ತಿವೆ. ಕಟ್ಟಡ ಕಟ್ಟುವಾಗಲೇ ಒಳಗಿರುವವರ ಜೀವದ ಹೆಸರಿನಲ್ಲಿ ಸಣ್ಣ ಪಾಲು ಎತ್ತಿಡಿ ಎಂದು ನಮ್ಮ ಶಾಸಕರು ಕೇಳಬಾರದೇಕೆ? ಸಿಮೆಂಟ್ ಕಂಪನಿಗಳಲ್ಲಿ ಅನುಭವಿ ಸುರಕ್ಷತಾ ಅಧಿಕಾರಿಗಳಿದ್ದಾರೆ. ತಿಂಗಳಿಗೆ ಒಂದು ದಿನ ಅವರನ್ನು ಕಾಲೇಜಿಗೆ ಕಳಿಸಿ ಎಂದರೆ ಕಂಪನಿಯವರಿಗೂ ಅದು ಹೊರೆಯಲ್ಲ.

ನಾಗಾವಿಯ ಕಲ್ಲು ಹೇಳುವುದು

ಇದೆಲ್ಲ ಪರದೇಶದ ಫ್ಯಾಷನ್ ಎಂದು ಮೂಗು ಮುರಿಯುವವರು ಒಮ್ಮೆ ಚಿತ್ತಾಪುರದ ಪಕ್ಕದ ನಾಗಾವಿಗೆ ಹೋಗಿ ಬರಲಿ. ಅರವತ್ತು ಕಂಬದ ಗುಡಿ ನೋಡಿದವರು ಬಹಳ, ಅಲ್ಲಿಯ ಶಾಸನದ ಮಾತು ಕೇಳಿದವರು ಕಡಿಮೆ. 1058ರ ಹೊತ್ತಿಗೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ದಂಡನಾಯಕ ಮಧುಸೂದನ ಅಲ್ಲಿ ಘಟಿಕಾಸ್ಥಾನ ನಡೆಸಲು ಏರ್ಪಾಟು ಮಾಡಿದ. ಈಗಿನ ಮಾತಿನಲ್ಲಿ ಅದು ವಿಶ್ವವಿದ್ಯಾಲಯ. ಇನ್ನೂರಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳು, ಪಾಠ ಹೇಳುವ ಭಟ್ಟರು, ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗಳು. ಅವರ ಊಟಕ್ಕೆ, ಬಟ್ಟೆಗೆ ಯಾವ ಭೂಮಿಯ ಹುಟ್ಟುವಳಿ ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸಿದ.

ಅವನಿಗೆ ಅನಿಲ ಸಿಲಿಂಡರಿನ ಚಿಂತೆ ಇರಲಿಲ್ಲ. ಆದರೆ ಒಂದು ಮಾತು ಗೊತ್ತಿತ್ತು. ಓದಲು ಬಂದ ಹುಡುಗನ ಹೊಟ್ಟೆ ಮೈ ನೋಡಿಕೊಳ್ಳುವುದು ದಾನವಲ್ಲ, ವಿದ್ಯಾಲಯದ ಕೆಲಸವೇ. ಯಾರು ಮಾಡಬೇಕು, ಯಾವ ರೊಕ್ಕದಿಂದ ಮಾಡಬೇಕು ಎಂಬುದನ್ನು ಬಾಯಿಮಾತಿಗೆ ಬಿಡದೆ ಬರೆದಿಡಬೇಕು. ಒಂಬತ್ತು ಶತಮಾನ ದಾಟಿದರೂ ಆ ಬರಹ ಅಳಿಸಿಲ್ಲ.

ನಾವು ಕೇಳುವುದು ಕಲ್ಲಿನ ಶಾಸನವಲ್ಲ. ಪ್ರತಿ ಕಟ್ಟಡದ ಬಾಗಿಲಲ್ಲಿ ಒಂದು ಹಲಗೆ. ಅದರ ಮೇಲೆ ಸುರಕ್ಷತಾ ಅಧಿಕಾರಿಯ ಹೆಸರು, ಫೋನ್ ನಂಬರು, ಕೊನೆಯ ತಪಾಸಣೆಯ ತಾರೀಖು. ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿ ನೋಡುವ ಮೊದಲು ಆ ಹಲಗೆ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ಫೀಸು ಕಟ್ಟಿದ ಗಿರಾಕಿ ಸರಕು ಪರೀಕ್ಷಿಸುವುದು ತಪ್ಪಲ್ಲ ಎಂಬುದು ಅಂಗಡಿಯವರಿಗೆ ಗೊತ್ತೇ ಇದೆ.

ಸಂಜೆಯ ಬಸ್ಸಿನಲ್ಲಿ ಅಪ್ಪ ಮಳಖೇಡದಲ್ಲಿ ಹತ್ತುತ್ತಾನೆ. ಮಗಳು ಮೊದಲೇ ಸೀಟು ಹಿಡಿದಿರುತ್ತಾಳೆ. ಇಬ್ಬರೂ ಹೋದ ಹಾಗೆಯೇ ತಿರುಗಿ ಬಂದರು ಎಂಬುದು ಆ ಮನೆಯ ದಿನದ ಲಾಭ. ಅಪ್ಪನ ಪಾಲಿನ ಲಾಭಕ್ಕೆ ಕಾಯಿದೆಯ ಕಾವಲಿದೆ. ಮಗಳ ಪಾಲಿನದ್ದಕ್ಕೂ ಒಂದು ಕಾವಲು ಇಡಲು ಸಂಬಂಧಪಟ್ಟವರು ಮನಸ್ಸು ಮಾಡುವರೇ?